ನೋವು ಬರ್ಸೋಕೆ ಮುಂಚೆ ಕೇಳ್ಬೇಕಾದ್ದು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ವಿಷಯದ್ದು. ಹೆರಿಗೆ ನೋವು ತಾನಾಗೇ ಬರ್ಲಿ ಅಂತ ಕಾಯೋದಾ, ಇಲ್ಲ ಆಸ್ಪತ್ರೇಲಿ ಔಷಧಿ ಕೊಟ್ಟು ಬರ್ಸೋದಾ (ಇದಕ್ಕೇ ಇಂಡಕ್ಷನ್ ಅನ್ನೋದು) ಅಂತ. ಅದಕ್ಕೆ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು ಈ ಸಂಚಿಕೆ ಪೂರ್ತಿ ಇದಕ್ಕೇ ಬಿಟ್ಟಿದೀನಿ. ಹೆಸರು ತೆಗೆದಿದೀನಿ, ಊರು ಮಾತ್ರ ಇಟ್ಟಿದೀನಿ. ಇದನ್ನ ಓದ್ಕೊಂಡು ನಿಮ್ಮ ಡಾಕ್ಟರ ಹತ್ರ ಜಗಳಕ್ಕೆ ಹೋಗ್ಬೇಡಿ, ಮಾತಾಡೋಕೆ ಹೋಗಿ.

ಪ್ರಶ್ನೆ: ಮೇಡಂ, ನನಗೆ ಇದು ಮೊದಲ್ನೇ ಪ್ರೆಗ್ನೆನ್ಸಿ, 38 ವಾರ ಮುಗೀತು. ಬಿಪಿ ಶುಗರ್ ಎಲ್ಲ ನಾರ್ಮಲ್, ಸ್ಕ್ಯಾನ್ ಕೂಡ ಚೆನ್ನಾಗಿದೆ ಅಂದ್ರು. ಆದ್ರೂ ಮುಂದಿನ ವಾರ ಅಡ್ಮಿಟ್ ಆಗ್ಬಿಡಿ, ಜೆಲ್ ಇಟ್ಟು ನೋವು ಬರ್ಸೋಣ ಅಂತಾರೆ. ಯಾಕೆ ಅಂತ ಕೇಳೋಕೆ ಧೈರ್ಯ ಬರ್ಲಿಲ್ಲ. ಅಮ್ಮ ಬೇಡವೇ ಬೇಡ ಅಂತಿದಾರೆ, ಫ್ರೆಂಡ್ಸೆಲ್ಲ ಇಂಡಕ್ಷನ್ ಅಂದ್ರೆ ಕೊನೆಗೆ ಸಿಸೇರಿಯನ್ನೇ ಅಂತ ಹೆದರಿಸ್ತಿದಾರೆ. — ಬೆಂಗಳೂರು

ಉತ್ತರ: ನೋಡಮ್ಮಾ, ಆ ಯಾಕೆ ಅನ್ನೋದನ್ನ ಮೊದಲು ಕೇಳ್ಕೊಂಡು ಬನ್ನಿ. ಅವರ ಮನಸ್ಸಲ್ಲಿ ಕಾರಣ ಇರಬಹುದು, ಹೊರಗಡೆ ನಲವತ್ತು ಜನ ಕೂತಿರುವಾಗ ಹೇಳೋಕೆ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ. ಕಾರಣ ಏನೂ ಇಲ್ಲ, ಸುಮ್ನೆ 39 ಆಯ್ತಲ್ಲ ಅಂತ ಅಂದ್ರೆ ಅದೂ ಒಂದು ಉತ್ತರವೇ, ಆದ್ರೆ ಆಗ ಒಪ್ಕೊಳೋದು ಬಿಡೋದು ನಿಮ್ಮಿಷ್ಟ ಅಂತಾಯ್ತು.

ಡೇಟು ಅಂತ ಕಾರ್ಡಲ್ಲಿ ಬರೀತಾರಲ್ಲ, ಅದು ಕೊನೇ ಸಲ ಮುಟ್ಟಾದ ಮೊದಲ ದಿನಕ್ಕೆ 280 ದಿನ ಸೇರಿಸಿ ಹಾಕಿರೋ ಲೆಕ್ಕ, ಅಷ್ಟೇ. ಸರಿಯಾಗಿ ಆ ದಿನಾನೇ ಹುಟ್ಟೋ ಮಕ್ಕಳು ನೂರಕ್ಕೆ ನಾಲ್ಕೋ ಐದೋ. 37 ರಿಂದ 42 ವಾರದ ಒಳಗೆ ಯಾವಾಗ ಬಂದ್ರೂ ದಿನ ತುಂಬಿದ ಕೂಸೇ. ಅದ್ರಲ್ಲೂ 39 ದಾಟಿದ್ರೆ ಶ್ವಾಸಕೋಶ ಇನ್ನೂ ಚೆನ್ನಾಗಿ ಬಲಿತಿರುತ್ತೆ, ಅದಕ್ಕೇ ವೈದ್ಯಕೀಯ ಕಾರಣ ಇಲ್ದೆ 39 ಕ್ಕಿಂತ ಮುಂಚೆ ಕೈ ಹಾಕ್ಬಾರ್ದು ಅನ್ನೋದು.

ಈಗ ನಿಮ್ಮ ಫ್ರೆಂಡ್ಸ್ ಮಾತು. ಇಂಡಕ್ಷನ್ ಮಾಡಿದ್ರೆ ಸಿಸೇರಿಯನ್ ಜಾಸ್ತಿ ಅಂತ ನಾವು ಡಾಕ್ಟರುಗಳೂ ಬಹಳ ವರ್ಷ ನಂಬಿಕೊಂಡಿದ್ವಿ. 2018 ರಲ್ಲಿ ಅಮೆರಿಕದಲ್ಲಿ ಅರೈವ್ ಅಂತ ಒಂದು ದೊಡ್ಡ ಅಧ್ಯಯನ ಬಂತು, 41 ಆಸ್ಪತ್ರೆ, 6,106 ಜನ ಚೊಚ್ಚಲು ಬಸುರಿಯರು, ಯಾರಿಗೂ ಬೇರೆ ತೊಂದರೆ ಇಲ್ಲ, ಅಂದ್ರೆ ನಿಮ್ಮಂಥವರೇ. ಅರ್ಧ ಜನಕ್ಕೆ 39 ನೇ ವಾರದಲ್ಲಿ ನೋವು ಬರ್ಸಿದ್ರು, ಇನ್ನರ್ಧ ಜನ ಕಾದ್ರು. ನೋವು ಬರ್ಸಿದವರಲ್ಲಿ ಸಿಸೇರಿಯನ್ ನೂರಕ್ಕೆ 18.6, ಕಾದವರಲ್ಲಿ 22.2. ಅಂದ್ರೆ ಲೆಕ್ಕ ತಿರುಗಾಮುರುಗಾ ಆಯ್ತು. ಮಕ್ಕಳ ಆರೋಗ್ಯದಲ್ಲಿ ಮಾತ್ರ ಖಚಿತವಾಗಿ ಹೇಳೋ ಅಂಥ ವ್ಯತ್ಯಾಸ ಕಾಣ್ಲಿಲ್ಲ.

ಇದನ್ನ ಹಿಡ್ಕೊಂಡು ಈಗ ಕೆಲವರು ಎಲ್ರಿಗೂ 39 ಕ್ಕೇ ಮಾಡ್ಬಿಡೋಣ ಅಂತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಯಾಕಂದ್ರೆ ಆ ಅಧ್ಯಯನದಲ್ಲಿ ಒಂದು ನಿಯಮ ಇತ್ತು, ಗರ್ಭಕೋಶದ ಬಾಯಿ ಮೆತ್ತಗೆ ಮಾಡಿ, ನೀರು ಒಡೆದು, ನೋವು ಬರ್ಸೋ ಔಷಧಿಯ ಡ್ರಿಪ್ ಶುರು ಮಾಡಿದ ಮೇಲೂ ಕನಿಷ್ಠ 12 ಗಂಟೆ ಕಾಯದೆ ಫೇಲ್ ಅಂತ ಬರೀಬೇಡಿ ಅಂತ. ಅಷ್ಟು ಕಾಯೋ ತಾಳ್ಮೆ, ಲೇಬರ್ ವಾರ್ಡಲ್ಲಿ ಅಷ್ಟು ಬೆಡ್ಡು, ರಾತ್ರಿ ಎದ್ದು ನೋಡೋ ಸಿಬ್ಬಂದಿ ಇದ್ರೆ ಆ ಫಲಿತಾಂಶ ಇಲ್ಲೂ ಬರಬಹುದು. ಬೆಳಿಗ್ಗೆ ಜೆಲ್ ಇಟ್ಟು ಸಾಯಂಕಾಲ ಥಿಯೇಟರಿಗೆ ಕರ್ಕೊಂಡು ಹೋಗೋ ಕಡೆ ಬರಲ್ಲ. ನಮ್ಮ ದೇಶದ ಕುಟುಂಬ ಆರೋಗ್ಯ ಸಮೀಕ್ಷೆ, 2019-21 ರದ್ದು, ತೆಗೆದು ನೋಡಿ, ಖಾಸಗಿ ಆಸ್ಪತ್ರೆಗಳಲ್ಲಿ ನೂರು ಹೆರಿಗೆಗೆ 47.4 ಸಿಸೇರಿಯನ್, ಸರ್ಕಾರಿಯಲ್ಲಿ 14.3. ಇಷ್ಟು ಅಂತರಕ್ಕೆ ಬಸುರಿಯರ ಸೊಂಟದ ಅಳತೆ ಕಾರಣ ಆಗೋಕೆ ಸಾಧ್ಯ ಇಲ್ಲ. ಇನ್ನೊಂದು ಕಡೆ ವಿಶ್ವ ಆರೋಗ್ಯ ಸಂಸ್ಥೆ ಏನನ್ನುತ್ತೆ ಅಂದ್ರೆ ಯಾವ ತೊಂದರೇನೂ ಇಲ್ದೇ ಇದ್ರೆ 41 ವಾರ ತುಂಬೋ ಮುಂಚೆ ಇಂಡಕ್ಷನ್ ಬೇಡ ಅಂತ.

ಹಾಗಾಗಿ ನೀವು ಮುಂದಿನ ಚೆಕಪ್ಪಿಗೆ ಹೋದಾಗ ಕೇಳಿ: ಡಾಕ್ಟ್ರೇ, ಒಂದು ವಾರ ಕಾದ್ರೆ ನನಗೆ ನನ್ನ ಮಗೂಗೆ ಏನು ರಿಸ್ಕು, ಕಾಯೋದಾದ್ರೆ ಏನೇನು ಚೆಕ್ ಮಾಡ್ತೀರಾ, ನನ್ನ ಬಿಷಪ್ ಸ್ಕೋರ್ ಎಷ್ಟಿದೆ, ಫೇಲ್ ಅನ್ನೋಕೆ ಮುಂಚೆ ಎಷ್ಟು ಹೊತ್ತು ಟೈಮ್ ಕೊಡ್ತೀರಾ, ಎಪಿಡ್ಯೂರಲ್ (ನೋವು ಕಮ್ಮಿ ಮಾಡೋಕೆ ಬೆನ್ನಿಗೆ ಕೊಡೋ ಇಂಜೆಕ್ಷನ್) ಬೇಕು ಅಂದ್ರೆ ರಾತ್ರಿ ಹೊತ್ತು ಸಿಗುತ್ತಾ. ಬಿಷಪ್ ಸ್ಕೋರ್ ಅಂದ್ರೆ ದೊಡ್ಡ ವಿಷಯ ಏನಲ್ಲ, ಎಡ್ವರ್ಡ್ ಬಿಷಪ್ ಅನ್ನೋ ಡಾಕ್ಟರು 1964 ರಲ್ಲಿ ಮಾಡಿಟ್ಟ ಲೆಕ್ಕ. ಒಳಗೆ ಬೆರಳು ಹಾಕಿ ನೋಡಿದಾಗ ಬಾಯಿ ಎಷ್ಟು ತೆರೆದಿದೆ, ಎಷ್ಟು ತೆಳ್ಳಗಾಗಿದೆ, ಮೆತ್ತಗಿದ್ಯಾ ಗಟ್ಟಿ ಇದ್ಯಾ, ಮುಂದಕ್ಕಿದ್ಯಾ ಹಿಂದಕ್ಕಿದ್ಯಾ, ತಲೆ ಎಷ್ಟು ಇಳಿದಿದೆ ಅಂತ ಐದಕ್ಕೂ ಅಂಕ ಹಾಕ್ತಾರೆ, ಒಟ್ಟು 13. ಎಂಟಕ್ಕಿಂತ ಮೇಲಿದ್ರೆ ನೋವು ಬರ್ಸಿದ್ರೂ ತಾನಾಗೇ ಬಂದಷ್ಟೇ ಸಲೀಸು. ಆರು ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಮೊದಲು ಬಾಯಿ ಹಣ್ಣು ಮಾಡ್ಬೇಕು, ಅದಕ್ಕೇ ಜೆಲ್ಲು ಮಾತ್ರೆ ಬಲೂನು ಎಲ್ಲ, ಅದಕ್ಕೆ ಒಂದು ದಿನ ಪೂರ್ತಿ ಹಿಡಿದ್ರೂ ಆಶ್ಚರ್ಯ ಇಲ್ಲ. ಸ್ಕೋರ್ ಎರಡೋ ಮೂರೋ ಇದೆ, ಕಾರಣಾನೂ ಇಲ್ಲ ಅಂತಾದ್ರೆ, ನನ್ನ ಮಗಳಾಗಿದ್ರೆ ಇನ್ನೊಂದು ವಾರ ಕಾಯಿ ಅಂತಿದ್ದೆ.

ಪ್ರಶ್ನೆ: ಅಕ್ಕಾರ, ನನ್ನ ತಂಗಿಗೆ ಡೇಟ್ ಮುಗದು ಐದು ದಿನ ಆತ್ರಿ, ಒಂದು ನೋವೂ ಇಲ್ಲ. ಸರ್ಕಾರಿ ದವಾಖಾನ್ಯಾಗ ಇನ್ನೆರಡು ದಿನ ನೋಡಿ ಅಡ್ಮಿಟ್ ಆಗ್ರಿ ಅಂದಾರ. ನಮ್ಮ ಆಯಿ ಹತ್ತು ತಿಂಗಳು ತುಂಬಿ ಹಡದಾಕಿ, ಹಣ್ಣಾದ್ರ ತಾನ ಉದರತೈತಿ, ಕಾಯಿ ಹರೀಬ್ಯಾಡ್ರಿ ಅಂತಾಳ. ಏನ್ ಮಾಡೂಣ್ರಿ? — ಗದಗ ಜಿಲ್ಲೆ

ಉತ್ತರ: ಆಯಿ ಮಾತು 37, 38 ವಾರಕ್ಕಾದ್ರೆ ನೂರಕ್ಕೆ ನೂರು ಸರಿ. ಆದ್ರೆ ಈಗ ಕಾಯಿ ಹರಿಯೋ ಮಾತಿಲ್ಲ, ದವಾಖಾನೆಯವರು ಹೇಳಿದ್ದು ಸರಿ ಇದೆ. ಇನ್ನೆರಡು ದಿನಕ್ಕೆ 41 ವಾರ ಪೂರ್ತಿ ಆಗುತ್ತೆ, ಅಲ್ಲಿಂದಾಚೆಗೆ ಅಡ್ಮಿಟ್ ಮಾಡಿ ನೋವು ಬರ್ಸಿ ಅಂತ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು.

ಯಾಕೆ ಅಂದ್ರೆ, ಮಾಸು ಇದೆಯಲ್ಲ, ಮಗೂಗೆ ಉಸಿರು ಅನ್ನ ಎಲ್ಲ ಕೊಡೋದು, ಅದು ದಿನ ಮೀರಿದ ಹಾಗೆ ಸೋಲುತ್ತೆ. ನೀರು ಕಮ್ಮಿ ಆಗುತ್ತೆ, ಮಗು ಒಳಗೇ ಮಲ ಮಾಡ್ಕೊಳೋದು ಜಾಸ್ತಿ. ಹೊಟ್ಟೇಲೇ ಮಗು ಹೋಗೋ ಅಪಾಯ 37 ನೇ ವಾರದಲ್ಲಿ ಸಾವಿರಕ್ಕೆ 0.11 ಇದ್ದಿದ್ದು 42 ಕ್ಕೆ 3.18 ಆಗುತ್ತೆ ಅಂತ 2019 ರಲ್ಲಿ ಹಲವು ದೇಶಗಳ ದಾಖಲೆ ಒಟ್ಟು ಹಾಕಿ ನೋಡಿದವರು ಬರೆದಿದಾರೆ. ಸಾವಿರಕ್ಕೆ ಮೂರು ಅಂದ್ರೆ 997 ಜನಕ್ಕೆ ಏನೂ ಆಗಲ್ಲ ಅಂತಾನೂ ಅರ್ಥ, ನಿಮ್ಮ ಆಯಿ ಆ 997 ರಲ್ಲಿ ಒಬ್ರು, ಸುಳ್ಳಲ್ಲ. ಆದ್ರೆ ಆ ಮೂರರಲ್ಲಿ ಯಾರು ಅಂತ ಮುಂಚೆ ಗೊತ್ತಾಗಲ್ಲವಲ್ಲ. ಸ್ವೀಡನ್ನಲ್ಲಿ 2,760 ಜನರನ್ನ ಎರಡು ಗುಂಪು ಮಾಡಿ ಒಂದಕ್ಕೆ 41 ಕ್ಕೆ ನೋವು ಬರ್ಸಿದ್ರು, ಇನ್ನೊಂದನ್ನ 42 ರ ತನಕ ಕಾಯಿಸಿದ್ರು. ಕಾಯಿಸಿದ ಗುಂಪಲ್ಲಿ ಆರು ಮಕ್ಕಳು ಹೋದ್ವು, ಮೊದಲ ಗುಂಪಲ್ಲಿ ಒಂದೂ ಇಲ್ಲ. ಇನ್ನೂ ಜನ ಸೇರಿಸ್ಬೇಕಿತ್ತು, ಅರ್ಧಕ್ಕೇ ನಿಲ್ಲಿಸಿಬಿಟ್ರು. ಅಂಥ ದೇಶದಲ್ಲಿ, ಅಷ್ಟು ಚೆಕಪ್ ಇರೋ ಕಡೆ ಹೀಗಾಯ್ತು.

ಒಂದು ವಿಷಯ ಮಾತ್ರ ನೋಡ್ಕೊಳಿ. ಆ ಡೇಟು ಯಾವ ಲೆಕ್ಕದ್ದು? ತಂಗಿಗೆ ಮುಟ್ಟಾದ ತಾರೀಖು ಸರಿಯಾಗಿ ನೆನಪಿತ್ತಾ? ಮೊದಲ ಮೂರು ತಿಂಗಳ ಒಳಗೆ ಸ್ಕ್ಯಾನ್ ಆಗಿದ್ರೆ ಆ ಡೇಟು ಐದರಿಂದ ಏಳು ದಿನದ ಆಚೀಚೆ ಅಷ್ಟೇ, ನಂಬಬಹುದು. ಎಂಟನೇ ತಿಂಗಳಲ್ಲಿ ಮೊದಲ ಸ್ಕ್ಯಾನ್ ಆಗಿದ್ರೆ ಮೂರು ವಾರದ ತನಕ ಹೆಚ್ಚುಕಮ್ಮಿ ಬರಬಹುದು, ಬೆಳೆಯೋ ಮಗು ಒಂದು ದೊಡ್ಡದಿರುತ್ತೆ ಒಂದು ಸಣ್ಣದಿರುತ್ತೆ, ಮಿಷನ್ನಿಗೆ ಹೇಗೆ ಗೊತ್ತಾಗ್ಬೇಕು. ಪ್ರತಿ ಸ್ಕ್ಯಾನಿಗೂ ಡೇಟ್ ಬದಲಾಯಿಸ್ಕೊಂಡು ಕನ್ಫ್ಯೂಸ್ ಆದವರ ಪತ್ರಗಳು ಬೇಕಾದಷ್ಟಿವೆ ನನ್ನ ಹತ್ರ. ಎಲ್ಲಕ್ಕಿಂತ ಮೊದಲಿಂದೇ ಸರಿ, ಆಮೇಲಿಂದ್ರಲ್ಲಿ ಡೇಟ್ ಬದಲಾಯಿಸಬಾರ್ದು. ತಾಯಿ ಕಾರ್ಡು, ಹಳೇ ರಿಪೋರ್ಟು ಎಲ್ಲ ತಗೊಂಡೇ ಹೋಗಿ.

ಆ ಎರಡು ದಿನದ ಒಳಗೆ ಮಗು ಒದೆಯೋದು ಕಮ್ಮಿ ಆಯ್ತು ಅಂತ ತಂಗಿಗೆ ಅನಿಸಿದ್ರೆ, ನೀರು ಹೋದ್ರೆ, ರಕ್ತ ಕಂಡ್ರೆ, ಬೆಳಗಾಗ್ಲಿ ಅಂತ ಕೂರ್ಬೇಡಿ, ಆಗಲೇ 108 ಕ್ಕೆ ಫೋನ್ ಮಾಡಿ. ಖರ್ಚಿನ ಯೋಚನೆ ಇದ್ರೆ, ಸರ್ಕಾರಿ ಆಸ್ಪತ್ರೇಲಿ ಹೆರಿಗೆ, ಸಿಸೇರಿಯನ್ ಆದ್ರೂನೂ, ಔಷಧಿ, ಊಟ, ಮನೆಗೆ ವಾಪಸ್ ಬಿಡೋ ಗಾಡಿ ಎಲ್ಲ ಜನನಿ ಶಿಶು ಸುರಕ್ಷಾ ಯೋಜನೇಲಿ 2011 ರಿಂದ ಉಚಿತ.

ಪ್ರಶ್ನೆ: ನಮ್ಮೂರಲ್ಲಿ ಹಾಲು ಇಳೀಲಿ ಅಂತ ಹಸೂಗೆ ಚುಚ್ಚೋ ಇಂಜೆಕ್ಷನ್ನೇ ಹೆರಿಗೆ ನೋವಿಗೂ ಹಾಕ್ತಾರೆ ಅಂತ ಮಾತಾಡ್ಕೊಳ್ತಾರೆ. ನಿಜಾನಾ? ನನ್ನ ಸೊಸೆ ಗಾಬರಿ ಆಗಿದಾಳೆ. — ಮಂಡ್ಯ ಜಿಲ್ಲೆ

ಉತ್ತರ: ನಿಜ. ಆಕ್ಸಿಟೋಸಿನ್ ಅಂತ ಅದ್ರ ಹೆಸರು. ಆದ್ರೆ ಅದು ಹಸುವಿನ ಔಷಧಿ ಅಲ್ಲ, ನಮ್ಮ ಮೈಯಲ್ಲೇ ತಯಾರಾಗೋದು, ನೋವು ಬರೋದೂ ಅದರಿಂದ, ಮಗು ಮೊಲೆಗೆ ಬಾಯಿ ಹಾಕಿದಾಗ ಹಾಲು ಇಳಿಯೋದೂ ಅದರಿಂದ. ವಿನ್ಸೆಂಟ್ ಡು ವಿನ್ಯೋ ಅನ್ನೋ ಅಮೆರಿಕದ ವಿಜ್ಞಾನಿ 1953 ರಲ್ಲಿ ಅದನ್ನ ಲ್ಯಾಬಲ್ಲಿ ತಯಾರು ಮಾಡಿ ತೋರಿಸಿದ್ರು, 1955 ರಲ್ಲಿ ಅವರಿಗೆ ನೊಬೆಲ್ ಬಂತು. ಹೈನುಗಾರಿಕೇಲಿ ಇದ್ರ ದುರುಪಯೋಗ ಜಾಸ್ತಿ ಆಯ್ತು ಅಂತ 2018 ರಲ್ಲಿ ಕೇಂದ್ರ ಸರ್ಕಾರ ಖಾಸಗಿ ಕಂಪನಿಗಳು ಇಲ್ಲಿಗೆ ಅಂತ ತಯಾರು ಮಾಡೋದನ್ನೇ ನಿಲ್ಲಿಸಿ, ನಮ್ಮ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಒಂದೇ ಇಡೀ ದೇಶಕ್ಕೆ ಮಾಡ್ಲಿ ಅಂತ ಆದೇಶ ಹೊರಡಿಸ್ತು. ಹೆರಿಗೆ ವಾರ್ಡುಗಳಿಗೆ ಔಷಧಿ ಸಾಲದೆ ಹೋದ್ರೆ ಗತಿ ಏನು ಅಂತ ಕೋರ್ಟಿಗೆ ಹೋದ್ರು, ಅದೇ ವರ್ಷ ಡಿಸೆಂಬರಲ್ಲಿ ದೆಹಲಿ ಹೈಕೋರ್ಟ್ ಆ ಆದೇಶ ರದ್ದು ಮಾಡ್ತು.

ಸೊಸೆ ಗಾಬರಿ ಆಗ್ಬೇಕಾದ್ದು ಔಷಧಿಗಲ್ಲ, ಕೊಡೋ ರೀತಿಗೆ. ಆಸ್ಪತ್ರೇಲಿ ಡ್ರಿಪ್ಪಲ್ಲಿ ಹನಿ ಹನಿಯಾಗಿ ಶುರು ಮಾಡಿ, ಸುಮಾರು ಅರ್ಧ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಏರಿಸ್ತಾ ಹೋಗ್ತಾರೆ, ಮಗುವಿನ ಎದೆಬಡಿತ ನೋಡ್ತಾನೇ ಇರ್ತಾರೆ. ಹತ್ತು ನಿಮಿಷಕ್ಕೆ ಐದಕ್ಕಿಂತ ಹೆಚ್ಚು ನೋವು ಬರೋಕೆ ಶುರು ಆದ್ರೆ ಜಾಸ್ತಿ ಆಯ್ತು ಅಂತ ಅರ್ಥ, ಮಧ್ಯೆ ಮಗೂಗೆ ಉಸಿರು ತಗೊಳೋಕೆ ಬಿಡುವು ಸಿಗಲ್ಲ. ಡ್ರಿಪ್ ನಿಲ್ಲಿಸಿದ್ರೆ ಕೆಲವು ನಿಮಿಷದಲ್ಲೇ ಅದ್ರ ಪ್ರಭಾವ ಇಳಿಯುತ್ತೆ. ಅದೇ, ಮಗು ಒಳಗಿರುವಾಗಲೇ ಯಾರೋ ಮನೆಗೆ ಬಂದು ಬೇಗ ಆಗ್ಲಿ ಅಂತ ಸೊಂಟಕ್ಕೆ ಚುಚ್ಚಿಬಿಟ್ರೆ ವಾಪಸ್ ತೆಗೆಯೋಕೆ ಬರಲ್ಲ, ಗರ್ಭಕೋಶ ಹರಿದು ತಾಯಿ ಮಗು ಇಬ್ರೂ ಹೋಗಬಹುದು. ಅಂಥವರನ್ನ ಬಾಗಿಲಿಗೂ ಸೇರಿಸ್ಬೇಡಿ.

ಹಾಗಂತ ಮಗು ಹೊರಗೆ ಬಂದ ತಕ್ಷಣ ನರ್ಸಮ್ಮ ತೊಡೆಗೋ ತೋಳಿಗೋ ಅದೇ ಇಂಜೆಕ್ಷನ್ 10 ಯೂನಿಟ್ ಹಾಕೋಕೆ ಬಂದ್ರೆ ಬೇಡ ಅನ್ಬೇಡಿ ಮತ್ತೆ. ಅದು ರಕ್ತ ಜಾಸ್ತಿ ಹೋಗದೇ ಇರ್ಲಿ ಅಂತ, ಎಲ್ಲಾ ಬಾಣಂತಿಗೂ ಹಾಕ್ಲೇಬೇಕಾದ್ದು.

ಪ್ರಶ್ನೆ: 37 ವಾರ ಆಗಿದೆ. ಬಿಪಿ 150/100, ಯೂರಿನಲ್ಲಿ ಪ್ರೋಟೀನ್ ಬರ್ತಿದೆ ಅಂತೆ. ಇವತ್ತೇ ಅಡ್ಮಿಟ್ ಆಗಿ, ಬಲೂನ್ ಹಾಕ್ತೀವಿ ಅಂದ್ರು. ನನಗೆ ನ್ಯಾಚುರಲ್ ಆಗೇ ಆಗ್ಬೇಕು ಅಂತ ಆಸೆ, ಯೋಗ ಎಲ್ಲ ಮಾಡ್ತಿದ್ದೆ. ಒಂದು ವಾರ ತಳ್ಳಬಹುದಾ? — ಶಿವಮೊಗ್ಗ

ಉತ್ತರ: ತಳ್ಳಬೇಡಿ. ನಿಮ್ಮ ಪತ್ರ ಬಂದ ದಿನಾನೇ ಫೋನಲ್ಲಿ ಇದನ್ನ ಹೇಳಿಸಿದೀನಿ, ಇಲ್ಲಿ ಹಾಕ್ತಿರೋದು ಬೇರೆಯವರಿಗೋಸ್ಕರ.

ಬಿಪಿ ಜೊತೆ ಪ್ರೋಟೀನ್ ಅಂದ್ರೆ ಪ್ರಿಎಕ್ಲಾಂಪ್ಸಿಯಾ. ಅದು ಮುಂದುವರೆದ್ರೆ ಫಿಟ್ಸ್ ಬರಬಹುದು, ಲಿವರ್ರು ಕಿಡ್ನಿ ಕೈಕೊಡಬಹುದು, ಮಾಸು ಮುಂಚೆನೇ ಬಿಟ್ಟುಕೊಳ್ಳಬಹುದು. ಅದಕ್ಕೆ ಇರೋ ಔಷಧಿ ಹೆರಿಗೆ ಒಂದೇ, ಬಿಪಿ ಮಾತ್ರೆ ಬರೀ ಒತ್ತಡ ಇಳಿಸುತ್ತೆ, ರೋಗ ಹಾಗೇ ಇರುತ್ತೆ. 37 ವಾರ ಆಗಿದ್ಯಲ್ಲ, ಮಗೂಗೆ ಒಳಗಿದ್ದು ಸಿಗೋ ಲಾಭ ಈಗ ಬಹಳ ಕಮ್ಮಿ, ನಿಮಗೆ ಆಗೋ ಅಪಾಯ ಜಾಸ್ತಿ. ನೆದರ್ಲೆಂಡ್ಸಲ್ಲಿ ಇಂಥ 756 ಜನರ ಮೇಲೆ ಮಾಡಿ 2009 ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾದವರಲ್ಲಿ ನೂರಕ್ಕೆ 44 ತಾಯಂದಿರಿಗೆ ತೊಂದರೆ ಬಿಗಡಾಯಿಸ್ತು, ನೋವು ಬರ್ಸಿದವರಲ್ಲಿ 31. ತಲೆನೋವು ವಿಪರೀತ, ಕಣ್ಣು ಮಂಜು, ಎದೆ ಕೆಳಗೆ ಹೊಟ್ಟೆ ಮೇಲ್ಭಾಗದಲ್ಲಿ ನೋವು, ಇದರಲ್ಲಿ ಒಂದು ಕಂಡ್ರೂ ಕೂಡ್ಲೇ ಹೇಳಿ.

ಬಲೂನ್ ಅಂದ್ರೆ ಹೆದರ್ಬೇಡಿ. ಯೂರಿನ್‌ಗೆ ಹಾಕೋ ಫೋಲಿ ಟ್ಯೂಬೇ ಅದು, ಗರ್ಭಕೋಶದ ಬಾಯಿ ಒಳಗೆ ದಾಟಿಸಿ ತುದೀಲಿರೋ ಬಲೂನಿಗೆ ನೀರು ತುಂಬಿಸ್ತಾರೆ, ಅದು ಬಾಯನ್ನ ನಿಧಾನಕ್ಕೆ ಹಿಗ್ಗಿಸುತ್ತೆ, ಮೂರು ಸೆಂಟಿಮೀಟರ್ ಹತ್ರ ಬಂದಾಗ ತಾನೇ ಜಾರಿ ಬರುತ್ತೆ. ಔಷಧಿ ಇಲ್ದೇ ಇರೋದ್ರಿಂದ ನೋವು ವಿಪರೀತ ಆಗೋ ಭಯ ಕಮ್ಮಿ. ಇನ್ನೊಂದು ದಾರಿ ಮಿಸೊಪ್ರಾಸ್ಟಾಲ್ ಮಾತ್ರೆ, 25 ಮೈಕ್ರೋಗ್ರಾಂ, ಎರಡು ಗಂಟೆಗೊಂದು ನುಂಗೋದು. ನಿಮ್ಮಂತೆ ಬಿಪಿ ಇದ್ದ 602 ಜನರ ಮೇಲೆ ನಾಗ್ಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಇವೆರಡನ್ನೂ ಹೋಲಿಸಿ ನೋಡಿದ್ರು, 2017 ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. 24 ಗಂಟೆ ಒಳಗೆ ಕೆಳಗಿನಿಂದ ಹೆರಿಗೆ ಆದವರು ಮಾತ್ರೆಯಲ್ಲಿ ನೂರಕ್ಕೆ 57, ಬಲೂನಲ್ಲಿ 47. ನಮ್ಮದೇ ದೇಶದ, ನಮ್ಮದೇ ಥರದ ಆಸ್ಪತ್ರೆಯ ಲೆಕ್ಕ ಇದು, ನಿಮ್ಮ ಡಾಕ್ಟರ ಹತ್ರ ಎರಡೂ ಇದ್ಯಾ ಅಂತ ಕೇಳಿ. ಯೋಗ ಮಾಡಿದ್ದು ಎಲ್ಲೂ ಹೋಗಲ್ಲ, ಆ ಉಸಿರಾಟ ನೋವು ತಡಿಯೋಕೆ ಬೇಕಾಗುತ್ತೆ. ಡ್ರಿಪ್ಪಿಂದ ಬರೋ ನೋವು ಸ್ವಲ್ಪ ಜೋರೇ ಅಂತ ಅನುಭವಿಸಿದವರು ಹೇಳ್ತಾರೆ.

ಪ್ರಶ್ನೆ: ಹೋದ ವರ್ಷ ಡೇಟ್ ದಿನಾನೇ ಅಡ್ಮಿಟ್ ಮಾಡಿ ಬೆಳಿಗ್ಗೆ ಜೆಲ್ ಇಟ್ರು, ಮಧ್ಯಾಹ್ನ ಇನ್ನೊಂದು, ಸಾಯಂಕಾಲ ಬಾಯೇ ತೆರೆದಿಲ್ಲ ಫೇಲ್ ಆಯ್ತು ಅಂತ ಆಪರೇಷನ್ ಮಾಡಿದ್ರು. ನಂಗೆ ಒಂದು ಮಾತು ಕೇಳ್ಲಿಲ್ಲ, ಹೊರಗೆ ನಮ್ಮೆಜಮಾನ್ರ ಹತ್ರ ಸೈನ್ ತಗೊಂಡ್ರು ಅಷ್ಟೇ. ಮಗು ಚೆನ್ನಾಗಿದೆ. ಆದ್ರೆ ಮೋಸ ಆಯ್ತಾ ಅಂತ ಈಗ್ಲೂ ಅನ್ಸುತ್ತೆ. ಮುಂದಿನ ಸಲ ನಾರ್ಮಲ್ ಆಗುತ್ತಾ? — ತುಮಕೂರು

ಉತ್ತರ: ಮೋಸ ಆಯ್ತು ಅಂತ ನಾನು ಹೇಗಮ್ಮಾ ಹೇಳ್ಲಿ, ಆ ಸಾಯಂಕಾಲ ಮಗುವಿನ ಎದೆಬಡಿತ ಹೇಗಿತ್ತು ಅಂತ ನಂಗೆ ಗೊತ್ತಿಲ್ಲ. ಎದೆಬಡಿತ ಇಳೀತಿತ್ತು ಅಂದ್ರೆ ಅವರು ಮಾಡಿದ್ದು ಸರಿ. ಆದ್ರೆ ಕಾರಣ ಬರೀ ಬಾಯಿ ತೆರೆದಿಲ್ಲ ಅನ್ನೋದೊಂದೇ ಆಗಿದ್ರೆ, ಮಗು ಆರಾಮಾಗೇ ಇದ್ದಿದ್ರೆ, ಅದನ್ನ ಫೇಲ್ ಅನ್ನೋಕೆ ಇನ್ನೂ ಟೈಮ್ ಇತ್ತು. ಜೆಲ್ ಕೆಲಸ ಮಾಡೋದು ಬಾಯಿ ಮೆತ್ತಗೆ ಮಾಡೋಕೆ, ತೆರೆಯೋದು ಆಮೇಲಿನ ಮಾತು. ಮೊದಲ ಹೆರಿಗೇಲಿ ಶುರುವಿನ ಹಂತವೇ ಒಂದು ದಿನ, ಕೆಲವರಿಗೆ ಅದಕ್ಕಿಂತ ಜಾಸ್ತಿ ಹಿಡಿಯುತ್ತೆ. ನೀರು ಒಡೆದು ಡ್ರಿಪ್ ಕೊಟ್ಟು 12 ರಿಂದ 18 ಗಂಟೆ ನೋಡಿದ ಮೇಲೂ ಏನೂ ಮುಂದುವರೀದೇ ಹೋದ್ರೆ ಆಗ ಫೇಲ್ ಅನ್ನಬಹುದು. ನಿಮಗೆ ನೀರು ಒಡೆದಿದ್ದು ಡ್ರಿಪ್ ಹಾಕಿದ್ದು ಪತ್ರದಲ್ಲೇ ಇಲ್ಲ.

ಗೊತ್ತು ಮಾಡ್ಕೊಳೋಕೆ ದಾರಿ ಇದೆ. ಆಸ್ಪತ್ರೆಗೆ ಅರ್ಜಿ ಬರೆದು ನಿಮ್ಮ ಕೇಸ್ ಶೀಟಿನ ಕಾಪಿ ಕೇಳಿ, 72 ಗಂಟೆ ಒಳಗೆ ಕೊಡ್ಬೇಕು ಅಂತ ವೈದ್ಯರ ನಡವಳಿಕೆ ನಿಯಮದಲ್ಲಿ 2002 ರಿಂದಾನೇ ಇದೆ. ಅದ್ರಲ್ಲಿ ಎದೆಬಡಿತದ ಗ್ರಾಫು, ಒಳಗೆ ಚೆಕ್ ಮಾಡಿದ್ದು ಯಾವ್ಯಾವ ಹೊತ್ತಿಗೆ ಎಷ್ಟೆಷ್ಟು ಅಂತ ಎಲ್ಲ ಇರುತ್ತೆ. ಮುಂದಿನ ಬಸುರಿಗೆ ಹೇಗೂ ಅದು ಬೇಕೇ ಬೇಕು, ಆಪರೇಷನ್ ಹೊಲಿಗೆ ಗರ್ಭಕೋಶದ ಕೆಳಭಾಗಕ್ಕೆ ಅಡ್ಡಡ್ಡ ಹಾಕಿದಾರಾ ಇಲ್ವಾ ಅನ್ನೋದು ಅದ್ರಲ್ಲೇ ಗೊತ್ತಾಗೋದು.

ಸೈನ್ ವಿಷಯ. ಇದು ನಂಗೆ ಸಿಟ್ಟು ಬರೋ ವಿಷಯ. ಎಚ್ಚರ ಇರೋ, ತಿಳುವಳಿಕೆ ಇರೋ ಹೆಂಗಸಿನ ಮೈ ಮೇಲೆ ಏನೇ ಮಾಡೋಕೂ ಒಪ್ಪಿಗೆ ಕೊಡ್ಬೇಕಾದ್ದು ಆ ಹೆಂಗಸೇ. ಗಂಡನೂ ಅಲ್ಲ ಅತ್ತೆನೂ ಅಲ್ಲ. 2008 ರಲ್ಲಿ ಸಮೀರಾ ಕೊಹ್ಲಿ ಅನ್ನೋರ ಕೇಸಲ್ಲಿ ಸುಪ್ರೀಂ ಕೋರ್ಟ್ ಇದನ್ನ ಬಿಡಿಸಿ ಹೇಳಿದೆ. ಅವರು ಹೊಟ್ಟೆ ಒಳಗೆ ಏನಾಗಿದೆ ಅಂತ ಪರೀಕ್ಷೆ ಮಾಡಿಸ್ಕೊಳೋಕೆ ಹೋಗಿದ್ರು, ಅನಸ್ತೇಷಿಯಾದಲ್ಲಿದ್ದಾಗ ಹೊರಗೆ ಕೂತಿದ್ದ ತಾಯಿ ಹತ್ರ ಕೇಳ್ಕೊಂಡು ಗರ್ಭಕೋಶವನ್ನೇ ತೆಗೆದಿದ್ರು. ಜೀವಕ್ಕೆ ಅಪಾಯ ಇರೋ ತುರ್ತು ಅಲ್ಲದೇ ಇದ್ರೆ ಅದು ಒಪ್ಪಿಗೆಯೇ ಅಲ್ಲ ಅಂತ ಕೋರ್ಟ್ ಹೇಳ್ತು, ಏನು ಚಿಕಿತ್ಸೆ, ಯಾಕೆ, ಬೇರೆ ದಾರಿ ಏನಿದೆ, ಬೇಡ ಅಂದ್ರೆ ಏನಾಗುತ್ತೆ ಇಷ್ಟನ್ನೂ ರೋಗಿಗೇ ತಿಳಿಸ್ಬೇಕು ಅಂತಾನೂ ಹೇಳ್ತು. ನಮ್ಮ ಕಡೆ ಲೇಬರ್ ವಾರ್ಡಲ್ಲಿ ಇನ್ನೂ ಫಾರಂ ಹೊರಗೆ ಹೋಗುತ್ತೆ, ಹೆಂಗಸು ಒಳಗೆ ಇರ್ತಾಳೆ. ಮುಂದಿನ ಸಲ ಅಡ್ಮಿಟ್ ಆಗುವಾಗ್ಲೇ "ನನಗೆ ಹೇಳಿ, ನಾನೇ ಸೈನ್ ಹಾಕ್ತೀನಿ" ಅಂತ ಅವರಿಗೆ ಹೇಳಿಬಿಡಿ. ಜೊತೆಗೆ ಒಬ್ರನ್ನ ಒಳಗೆ ಬಿಡಿ ಅಂತಾನೂ ಕೇಳಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಲ್ಲಿ ಒಬ್ಬ ಹೆಂಗಸು ಜೊತೆಗಿರೋಕೆ ಅವಕಾಶ ಇದೆ.

ನಾರ್ಮಲ್ ಆಗುತ್ತಾ ಅಂದ್ರೆ, ಆಗೋ ಸಾಧ್ಯತೆನೇ ಜಾಸ್ತಿ. ಒಂದು ಸಿಸೇರಿಯನ್ ಆಗಿ ಮುಂದಿನದಕ್ಕೆ ಪ್ರಯತ್ನ ಪಟ್ಟವರಲ್ಲಿ ನಾಲ್ಕರಲ್ಲಿ ಮೂರು ಜನಕ್ಕೆ ಹತ್ರ ಹತ್ರ ಆಗುತ್ತೆ. ಹಳೇ ಹೊಲಿಗೆ ಬಿಟ್ಟುಕೊಳ್ಳೋ ಅಪಾಯ, ನೋವು ತಾನಾಗೇ ಬಂದ್ರೆ 200 ರಲ್ಲಿ ಒಬ್ರಿಗೆ, ಔಷಧಿಯಿಂದ ಬರ್ಸಿದ್ರೆ ಅದು ಎರಡು ಮೂರು ಪಟ್ಟು. ಹಾಗಾಗಿ ಮುಂದಿನ ಸಲ ನೋವು ಬರ್ಸಲೇಬೇಕು ಅಂತಾದ್ರೆ ಬಲೂನು ವಾಸಿ, ಮಿಸೊಪ್ರಾಸ್ಟಾಲ್ ಮಾತ್ರೆ ಮಾತ್ರ ಕೂಡದು. ತುರ್ತಾಗಿ ಆಪರೇಷನ್ ಮಾಡೋಕೆ ಇಪ್ಪತ್ನಾಲ್ಕು ಗಂಟೆ ವ್ಯವಸ್ಥೆ, ರಕ್ತ ಸಿಗೋ ಆಸ್ಪತ್ರೆಯನ್ನೇ ಆರಿಸ್ಕೊಳಿ, ಮನೆ ಹತ್ರ ಅಂತ ಸಣ್ಣ ನರ್ಸಿಂಗ್ ಹೋಂಗೆ ಹೋಗ್ಬೇಡಿ. ಎರಡು ಬಸುರಿ ಮಧ್ಯೆ ಒಂದೂವರೆ ಎರಡು ವರ್ಷ ಅಂತರ ಇರ್ಲಿ.

ಪ್ರಶ್ನೆ: ನಮ್ಮ ಮಾವನವರು ಜ್ಯೋತಿಷ್ಯರ ಹತ್ರ ಕೇಳ್ಕೊಂಡು ಬಂದಿದಾರೆ, ಮೂಲಾ ನಕ್ಷತ್ರ ಬರೋ ಮುಂಚೆ ಗುರುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆ ಒಳಗೆ ಮಗು ಹುಟ್ಬೇಕಂತೆ. ಆಪರೇಷನ್ ಬೇಡ, ಜೆಲ್ಲಲ್ಲಿ ಆ ಟೈಮಿಗೆ ಹೊಂದಿಸ್ಕೊಡ್ತಾರಾ? ಗುರುವಾರಕ್ಕೆ ನನಗೆ 37 ವಾರ 4 ದಿನ. — ದಾವಣಗೆರೆ

ಉತ್ತರ: ಇಲ್ಲ. ಬುಧವಾರ ಜೆಲ್ ಇಟ್ರೆ ಮಗು ಗುರುವಾರ ರಾತ್ರಿ ಬರಬಹುದು, ಶುಕ್ರವಾರ ಬರಬಹುದು, ಶನಿವಾರನೂ ಬರಬಹುದು. ಮಾವನವರು ತಪ್ಪಿಸ್ಬೇಕು ಅಂತಿರೋ ನಕ್ಷತ್ರದಲ್ಲೇ ಬಂದ್ರೂ ಬಂತು. ಆ ಗಂಟೆ ಹಿಡಿಯೋಕೆ ಹೋದ್ರೆ ಕೊನೆಗೆ ನಿಮ್ಮ ಹೊಟ್ಟೆ ಕೊಯ್ಯೋದೇ ದಾರಿ ಆಗುತ್ತೆ, 37 ರಲ್ಲಿ ಕಾರಣ ಇಲ್ದೆ ತೆಗೆದ ಮಗು ಉಸಿರಾಟಕ್ಕೆ ಅಂತ ಐಸಿಯುಗೆ ಹೋಗೋದು 39 ಕ್ಕೆ ಹುಟ್ಟಿದ್ದಕ್ಕಿಂತ ಜಾಸ್ತಿ. ಮಾವನವರಿಗೆ ನೇರ ಹೇಳೋಕೆ ಕಷ್ಟ ಆದ್ರೆ ಡಾಕ್ಟರು ಒಪ್ಲಿಲ್ಲ ಅಂತ ಹೇಳಿ, ಆ ಬೈಗುಳ ನಮಗೇ ಇರ್ಲಿ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದೀವಿ. 40 ವಾರಕ್ಕೆ ಮಿಡ್‌ವೈಫ್ ಸ್ವೀಪ್ ಮಾಡ್ಲಾ ಅಂದ್ರು, 41 ಕ್ಕೆ ಇಂಡಕ್ಷನ್ ಬುಕ್ ಮಾಡಿದಾರೆ. ಇಲ್ಲಿ ಕನ್ನಡದ ಗ್ರೂಪಲ್ಲಿ ಒಬ್ರು ಏಷ್ಯನ್ ಹೆಂಗಸರಿಗೆ 39 ಕ್ಕೇ ಮಾಡ್ಬೇಕು ಅಂತ ರೂಲ್ ಇದೆ ಅಂದ್ರು. ಹೌದಾ? — ಲೆಸ್ಟರ್

ಉತ್ತರ: ಹಾಗೆ ರೂಲ್ ಇಲ್ಲ, ಆದ್ರೆ ಆ ಮಾತು ಗಾಳಿಯಲ್ಲಿ ಹುಟ್ಟಿದ್ದೂ ಅಲ್ಲ. ಚಿಕಿತ್ಸೆ ಹೇಗಿರ್ಬೇಕು ಅಂತ ಸಲಹೆ ಕೊಡೋ ಅಲ್ಲಿನ ನೈಸ್ ಸಂಸ್ಥೆ 2021 ರಲ್ಲಿ ಹೊರಡಿಸಿದ ಕರಡಲ್ಲಿ ಕಪ್ಪು ಜನಾಂಗದ, ಏಷ್ಯನ್ ಮೂಲದ ಹೆಂಗಸರಿಗೆ ಬೇರೆ ತೊಂದರೆ ಇಲ್ದೇ ಇದ್ರೂ 39 ರಿಂದಾನೇ ಇಂಡಕ್ಷನ್ ಯೋಚಿಸಿ ಅಂತ ಇತ್ತು. ಅಲ್ಲಿ ಈ ಸಮುದಾಯಗಳಲ್ಲಿ ಹೊಟ್ಟೇಲೇ ಮಗು ಹೋಗೋದು ಜಾಸ್ತಿ ಅನ್ನೋದು ಕಾರಣ. ಚರ್ಮದ ಬಣ್ಣ ನೋಡಿ ನೋವು ಬರ್ಸೋದಾ, ಮೊದಲು ನಮ್ಮ ಮಾತು ಸರಿಯಾಗಿ ಕೇಳಿಸ್ಕೊಳಿ ಅಂತ ತುಂಬಾ ಜನ ವಿರೋಧಿಸಿದ್ರು, ನವೆಂಬರಲ್ಲಿ ಬಂದ ಅಂತಿಮ ಪ್ರತಿಯಲ್ಲಿ ಆ ಸಲಹೆ ತೆಗೆದ್ರು. ನನ್ನ ಪ್ರಕಾರ ತೆಗೆದಿದ್ದು ಸರಿ.

ಸ್ವೀಪ್ ಅಂದ್ರೆ ಒಳಗೆ ಬೆರಳಾಡಿಸಿ ಗರ್ಭಕೋಶದ ಬಾಯಿಯಿಂದ ನೀರಿನ ಪೊರೆಯನ್ನ ಸ್ವಲ್ಪ ಬಿಡಿಸೋದು. ನೋವಾಗುತ್ತೆ, ಆಮೇಲೆ ಒಂಚೂರು ರಕ್ತ ಕಾಣಬಹುದು, ಕೆಲವರಿಗೆ ಒಂದೆರಡು ದಿನದಲ್ಲಿ ನೋವು ಶುರು ಆಗಿ ಔಷಧಿ ತಪ್ಪುತ್ತೆ. ಬೇಡ ಅಂದ್ರೆ ಬೇಡ ಅನ್ನಬಹುದು. ನಮ್ಮಲ್ಲೂ ಇದನ್ನ ಮಾಡ್ತಾರೆ, ಕೆಲವರು ಚೆಕಪ್ ಮಧ್ಯೆ ಹೇಳ್ದೇನೇ ಮಾಡಿಬಿಡ್ತಾರೆ, ಅದು ತಪ್ಪು. 41 ಕ್ಕೆ ಬುಕ್ ಮಾಡಿದ್ದನ್ನ ನಾನಾಗಿದ್ರೆ ಹಾಗೇ ಇಟ್ಕೊಳ್ತಿದ್ದೆ. ಕಾಯ್ತೀನಿ ಅಂದ್ರೂ ನಿಮ್ಮನ್ನ ಅವರು ಕೈಬಿಡಲ್ಲ, 42 ಆದ್ಮೇಲೂ ಬೇಡ ಅಂದ್ರೆ ವಾರಕ್ಕೆ ಎರಡು ಸಲ ಎದೆಬಡಿತ, ನೀರು ನೋಡ್ತೀವಿ ಅಂತಾರೆ, ಆದ್ರೆ ಮಧ್ಯದ ದಿನಗಳಲ್ಲಿ ಏನೂ ಆಗಲ್ಲ ಅಂತ ಆ ಟೆಸ್ಟು ಗ್ಯಾರಂಟಿ ಕೊಡಲ್ಲ.

ಪ್ರಶ್ನೆ: ನೀರು ಸ್ವಲ್ಪ ಕಮ್ಮಿ ಇದೆ, ಮಗು ಕುತ್ತಿಗೆಗೆ ಕರುಳಬಳ್ಳಿ ಸುತ್ಕೊಂಡಿದೆ, ಬೇಗ ಹೆರಿಗೆ ಮಾಡಿಸ್ಬೇಕು ಅಂತಿದಾರೆ. ಅಜ್ಜಿ ಹರಳೆಣ್ಣೆ ಕುಡಿದ್ರೆ ರಾತ್ರಿ ಬೆಳಗಾಗೋದ್ರಲ್ಲಿ ನೋವು ಬರುತ್ತೆ ಅಂತಾರೆ. ಕುಡೀಲಾ? 39 ವಾರ. — ಉಡುಪಿ

ಉತ್ತರ: ಬಳ್ಳಿ ಸುತ್ಕೊಳೋದು ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಇದ್ದಿದ್ದೇ, ಹುಟ್ಟುವಾಗ ಸೂಲಗಿತ್ತಿ ಇರ್ಲಿ ಡಾಕ್ಟರಿರ್ಲಿ ಬೆರಳಲ್ಲಿ ಬಿಡಿಸಿ ತೆಗೀತಾರೆ. ಅದೊಂದಕ್ಕೇ ನೋವು ಬರ್ಸೋದೂ ಬೇಕಿಲ್ಲ, ಆಪರೇಷನ್ನೂ ಬೇಕಿಲ್ಲ. ನೀರಿನ ವಿಷಯ ಹಾಗಲ್ಲ, ಸ್ವಲ್ಪ ಅಂದ್ರೆ ಎಷ್ಟು ಅಂತ ರಿಪೋರ್ಟ್ ತೆಗೆದು ನೋಡಿ. ನಾಲ್ಕು ಕಡೆ ಅಳೆದು ಕೂಡಿದ್ದು 5 ಸೆಂಟಿಮೀಟರಿಗಿಂತ ಕಮ್ಮಿ, ಇಲ್ಲ ಅತಿ ಆಳ ಇರೋ ಒಂದು ಕಡೆ ಅಳತೆ 2 ಕ್ಕಿಂತ ಕಮ್ಮಿ ಇದ್ರೆ ನಿಜವಾಗ್ಲೂ ಕಮ್ಮಿ. ಎರಡನೇ ಅಳತೆ ಒಳ್ಳೇದು, ಮೊದಲಿಂದ್ರಲ್ಲಿ ಸುಮ್ಸುಮ್ನೆ ಕಮ್ಮಿ ಅಂತ ಬಂದು ಇಂಡಕ್ಷನ್ ಜಾಸ್ತಿ ಆಗುತ್ತೆ, ಮಕ್ಕಳಿಗೆ ಅದರಿಂದ ಹೆಚ್ಚಿನ ಲಾಭ ಏನೂ ಕಂಡಿಲ್ಲ. ನಾಲ್ಕು ಕಡೆ ಕೂಡಿದ ಅಳತೆ 7, 8 ಅಂತಿದ್ರೆ ಡಾಕ್ಟರ ಹತ್ರ ಕೂತು ಮಾತಾಡಿ. ಒಂದೇ ಕಡೆ ಅಳೆದಿದ್ದು 2 ಕ್ಕಿಂತ ಕೆಳಗಿದ್ರೆ ಅವರು ಹೇಳಿದ್ದು ಕೇಳಿ.

ಹರಳೆಣ್ಣೆ ಬೇಡ. ಭೇದಿ ವಾಂತಿ ಆಗಿ ಸುಸ್ತಾಗಿ, ಇರೋ ನೀರೂ ಬತ್ತಿಸ್ಕೊಂಡು ಆಸ್ಪತ್ರೆಗೆ ಹೋಗ್ತೀರಾ ಅಷ್ಟೇ. ಖರ್ಜೂರ ತಿನ್ನಬಹುದು, ಕೊನೇ ತಿಂಗಳಲ್ಲಿ ತಿಂದವರಿಗೆ ಬಾಯಿ ಬೇಗ ಮೆತ್ತಗಾಗಿದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ, ಶುಗರ್ ಇದ್ರೆ ಅದೂ ಬೇಡ. ಸಂಜೆ ಅಂಗಳದಲ್ಲಿ ನಡೀರಿ, ಜೀರಿಗೆ ಕಷಾಯ ಕುಡೀರಿ, ಅಜ್ಜಿಗೂ ಸಮಾಧಾನ ಆಗುತ್ತೆ. ಮಗು ಒದೆಯೋದು ಎಡಮಗ್ಗುಲಿಗೆ ಮಲಗಿ ಎಣಿಸಿ, ಎರಡು ಗಂಟೇಲಿ ಹತ್ತು ಸಲ ಸಿಗಲಿಲ್ಲ ಅಂದ್ರೆ ಊಟ ಬಿಟ್ಟು ಹೊರಡಿ.